ಪೆನ್ಸಿಲ್ ಮೇಷ್ಟ್ರ ಪುಟ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹಳದಿ ಚೌಕ. ಅಂಗೈ ಅಗಲವೂ ಇಲ್ಲ, ಒಳಗೆ ಎರಡೇ ಸಾಲು: 'ಈ ಪುಟದಲ್ಲಿರುವ ವ್ಯಕ್ತಿ ವಿಶ್ವಕೋಶಕ್ಕೆ ಸೇರುವಷ್ಟು ಗಮನಾರ್ಹರು ಎನ್ನುವುದಕ್ಕೆ ಆಧಾರವಿಲ್ಲ. ಪುಟವನ್ನು ಅಳಿಸಬೇಕೆಂದು ಕೋರಲಾಗಿದೆ, ವಾರದೊಳಗೆ ಚರ್ಚಿಸಿ.' ಅಂತರಜಾಲದ ವಿಶ್ವಕೋಶದಲ್ಲಿ ಯಾರೋ ನಿವೃತ್ತ ಶಿಕ್ಷಕರೊಬ್ಬರ ಪುಟದ ನೆತ್ತಿಗೆ ಈ ಚೌಕವನ್ನು ಅಂಟಿಸಿ, ಕೈ ಕೊಡವಿ, ಊಟ ಮಾಡಿ ಮಲಗಿದವನು ನಮ್ಮ ಪ್ರೂಫಪ್ಪ. ಮಲಗಿದವನಿಗೆ ಒಳ್ಳೆಯ ನಿದ್ದೆಯೂ ಬಂತು. ಬೇಜಾರಿನ ಸಂಗತಿ ಅದೇ.

ಪ್ರೂಫಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಅವನದು. ಜೊತೆಗೆ ಯಾರು ಏನು ಹೇಳಿದರೂ 'ಅದಕ್ಕೆ ಪ್ರೂಫ್ ಏನು?' ಎಂದು ಕೇಳುವ ಚಟ. ಹೆಂಡತಿ ಜ್ವರ ಬಂದಿದೆ ಅಂದರೂ ಹಣೆ ಮುಟ್ಟುವ ಬದಲು ಥರ್ಮಾಮೀಟರ್ ಹುಡುಕುವ ಆಸಾಮಿ. ಹಗಲೆಲ್ಲ ಕೆಂಪು ಪೆನ್ನು ಹಿಡಿದು ಬೇರೆಯವರ ತಪ್ಪು ಹುಡುಕುವುದು ಸಾಲದು ಅಂತ, ಮನೆಗೆ ಬಂದಮೇಲೆ ಈ ವಿಶ್ವಕೋಶದಲ್ಲಿ ಬಿಟ್ಟಿ ಸೇವೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಅಳಿಸಿ ಎಂದು ಕೋರಬಹುದು. ನಿಜವಾದ ಹೆಸರನ್ನು ಯಾರೂ ಹೇಳುವುದಿಲ್ಲ. ನಮ್ಮವನು ಅಲ್ಲಿ ಇಟ್ಟುಕೊಂಡ ಹೆಸರು 'ಕತ್ತರಿ'.

ಹೆಸರಿಗೆ ತಕ್ಕ ಕೆಲಸ. ತಮ್ಮ ಬಗ್ಗೆ ತಾವೇ ಪುಟ ಬರೆದುಕೊಂಡ ಕವಿಗಳು, ಮಾವನನ್ನು ಮಹಾನ್ ಸಮಾಜಸೇವಕ ಮಾಡಿದ ಅಳಿಯಂದಿರು, ಎಲ್ಲರ ಪುಟಕ್ಕೂ ಹಳದಿ ಚೌಕ ಅಂಟಿಸಿ ಅಳಿಸುವುದು. ನ್ಯಾಯವಾಗಿ ಹೇಳಬೇಕೆಂದರೆ ಅದು ಬೇಕಾದ ಕೆಲಸವೇ, ಇಲ್ಲದಿದ್ದರೆ ವಿಶ್ವಕೋಶ ಮದುವೆಮನೆಯ ಆಲ್ಬಮ್ಮು ಆಗಿಬಿಡುತ್ತದೆ. ಆದರೆ ನಮ್ಮವನಿಗೆ ಅದರಲ್ಲಿ ಕರ್ತವ್ಯಕ್ಕಿಂತ ರುಚಿಯೇ ಜಾಸ್ತಿ ಹತ್ತಿತ್ತು. ಆ ಶಿಕ್ಷಕರ ಪುಟದ ಕೆಳಗಂತೂ ಒಂದು ಮಾತು ಬರೆದಿದ್ದ: 'ಪಾಠ ಹೇಳುವುದು ಶಿಕ್ಷಕರ ಕೆಲಸ. ಮಾಡಬೇಕಾದ ಕೆಲಸವನ್ನು ಮಾಡಿದ್ದು ಗಮನಾರ್ಹತೆ ಅಲ್ಲ.' ಬರೆದು ತಾನೇ ಮೂರು ಸಲ ಓದಿಕೊಂಡು, ಎಂಥಾ ಮಾತು ಅಂತ ತಲೆದೂಗಿದ್ದ.

ವಾರ ಕಳೆಯಿತು. ಅಂದು ಸಂಜೆ ತೀರ್ಪು ಹೇಳುವ ದಿನ. ಪ್ರೂಫಪ್ಪ ಅದನ್ನು ಮರೆತೇ ಬಿಟ್ಟಿದ್ದ. ಬೆಳಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಕೆಳಗಿನ ಅಂಗಡಿಯ ಟೈಲರು, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಫೋನು, ಮುಖ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು.

"ಅಣ್ಣಾ, ನೀವು ಪತ್ರಿಕೇಲಿರೋರು, ಈ ಅನ್ಯಾಯ ಸ್ವಲ್ಪ ನೋಡಿ! ಮೇಷ್ಟ್ರ ಮಗಳು ಈಗಷ್ಟೇ ಕಳಿಸಿದ್ಲು. ಯಾವನೋ ಕತ್ತರಿ ಅಂತೆ. ನಮ್ಮ ಮೇಷ್ಟ್ರ ಪುಟ ಅಳಿಸ್ಬೇಕಂತೆ! ಕತ್ತರಿ ಅಂತ ಹೆಸರು ಇಟ್ಕೊಳೋಕೆ ಏನ್ ಯೋಗ್ಯತೆ ಇದೆ ಅವನಿಗೆ? ನಾನು ದಿನಾ ಹಿಡಿಯೋ ಸಾಮಾನು ಅದು!"

ಪ್ರೂಫಪ್ಪ ಫೋನು ತೆಗೆದುಕೊಂಡು ನೋಡಿದ. ತಾನೇ ಅಂಟಿಸಿದ ಚೌಕ. ಕೆಳಗೆ ಊರ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಸೇರಿದ ಗೂಡ್ಸ್ ರೈಲಿನಂಥ ಉದ್ದನೆಯ ಹೆಸರು. ಅವನಿಗೆ ಯಾರ ಮುಖವೂ ನೆನಪಾಗಲಿಲ್ಲ.

"ಯಾರು ಈ ಮೇಷ್ಟ್ರು?"

"ಯಾರು ಅಂತೀರಲ್ಲ ಅಣ್ಣ! ನಿಮಗೂ ನನಗೂ ಲೆಕ್ಕ ಹೇಳಿಕೊಟ್ಟೋರು. ನಮ್ಮ ಪೆನ್ಸಿಲ್ ಮೇಷ್ಟ್ರು!"

ಕಾಫಿ ಗಂಟಲಲ್ಲೇ ನಿಂತಿತು. ಕೆಮ್ಮು ಹತ್ತಿ, ಹೆಂಡತಿ ಬಂದು ಬೆನ್ನು ತಟ್ಟಬೇಕಾಯಿತು.

ಶಾಲೆಯಲ್ಲಿ ಮೇಷ್ಟ್ರ ನಿಜವಾದ ಹೆಸರು ಯಾವ ಹುಡುಗನಿಗೆ ಗೊತ್ತಿರುತ್ತದೆ ಹೇಳಿ? ಮುಂದಿನ ತರಗತಿಯವರು ಹಿಂದಿನ ತರಗತಿಯವರಿಗೆ ಹಳೆಯ ಪುಸ್ತಕದ ಜೊತೆ ಅಡ್ಡಹೆಸರನ್ನೂ ದಾಟಿಸಿ ಹೋಗುತ್ತಾರೆ, ಅಷ್ಟೇ. ಎದುರಿಗೆ 'ಸಾರ್', ಹಿಂದೆ 'ಪೆನ್ಸಿಲ್'. ಆ ಹೆಸರು ಬಂದಿದ್ದಕ್ಕೆ ಕಾರಣವಿತ್ತು. ಬೇರೆ ಮೇಷ್ಟ್ರುಗಳೆಲ್ಲ ಉತ್ತರ ಪತ್ರಿಕೆಯನ್ನು ಕೆಂಪು ಮಸಿಯಲ್ಲಿ ಗೀಚಿ ಹಾಕಿದರೆ, ಇವರು ಮಾತ್ರ ತಪ್ಪಿನ ಮುಂದೆ ಪೆನ್ಸಿಲಿನಲ್ಲಿ ತೆಳ್ಳಗೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. "ತಿದ್ದಿಕೊಂಡು ಬಾ, ಅಳಿಸ್ತೀನಿ" ಅನ್ನುತ್ತಿದ್ದರು. ಹುಡುಗ ಲೆಕ್ಕ ಸರಿ ಮಾಡಿ ತಂದರೆ ಜೇಬಿನಿಂದ ರಬ್ಬರ್ ತೆಗೆದು ಆ ಗೆರೆಯನ್ನು ಗುರುತೇ ಉಳಿಯದ ಹಾಗೆ ಅಳಿಸಿಬಿಡುತ್ತಿದ್ದರು. ಭಾಗಾಕಾರ ಕಂಡರೆ ಹೊಟ್ಟೆನೋವು ಬರುತ್ತಿದ್ದ ಪ್ರೂಫಪ್ಪನನ್ನು ಶಾಲೆ ಬಿಟ್ಟಮೇಲೆ ತಮ್ಮ ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು, ಒಂದು ಇಡೀ ಮಳೆಗಾಲ ಗೆರೆ ಎಳೆದು ಎಳೆದು ಅಳಿಸಿದ್ದರು. ಅವರಿಲ್ಲದಿದ್ದರೆ ಅವನು ಆ ತರಗತಿಯಲ್ಲೇ ಬೇರು ಬಿಟ್ಟು ಬೆಂಚಾಗಿಬಿಡುತ್ತಿದ್ದ.

ಆದರೆ ಪುಟ ಬರೆದವರು ಪೆನ್ಸಿಲ್ ಅನ್ನುವ ಮಾತನ್ನೇ ಎತ್ತಿರಲಿಲ್ಲ. ಮರ್ಯಾದೆಗೆ ಕಡಿಮೆ ಅಂದುಕೊಂಡರೋ ಏನೋ. ಫೋಟೋ ಕೂಡ ಇರಲಿಲ್ಲ.

"ಕತ್ತರಿ ಕೈಗೆ ಸಿಕ್ಕಿದ್ರೆ ಏನ್ ಮಾಡ್ತೀರಾ ಟೈಲರಣ್ಣ?" ಹೆಂಡತಿ ಕೇಳಿದಳು. ಅವಳಿಗೆ ಕತ್ತರಿ ಯಾರೆಂದು ಚೆನ್ನಾಗಿ ಗೊತ್ತು. ಗಂಡನ ಮುಖ ನೋಡಿಯೇ ಕೇಳಿದ್ದು.

"ತೋಳಿಲ್ಲದ ಅಂಗಿ ಹೊಲಿದುಕೊಡ್ತೀನಿ ಅಕ್ಕ. ಆಮೇಲೆ ಅವನಿಗೆ ತೋಳು ಬೇಕಾಗಲ್ಲ." ಟೈಲರು ಟೇಪು ಜಗ್ಗಿದ. "ಇವತ್ತು ಸಂಜೆ ಒಳಗೆ ಅಲ್ಲಿ ಹೋಗಿ ಬರೀಬೇಕಂತೆ. ಹಳೇ ಹುಡುಗರನ್ನೆಲ್ಲ ಅಂಗಡಿಗೆ ಕರೆಸ್ತಿದೀನಿ. ಹೇಗೂ ನಿಮ್ಮ ವೈಫೈ ಇದೆಯಲ್ಲ."

ರವಿಕೆ ಹೊಲಿಗೆ ಬೇಗ ಆಗಲಿ ಅಂತ ಹೆಂಡತಿ ಟೈಲರಿಗೆ ಮನೆಯ ವೈಫೈ ಗುಟ್ಟು ಕೊಟ್ಟು ಎಷ್ಟೋ ಕಾಲವಾಗಿತ್ತು. ಟೈಲರು ದಡದಡ ಇಳಿದು ಹೋದ.

"ಹೇಳಿಬಿಡಿ ರೀ, ನಾನೇ ಅಂತ. ಗೊತ್ತಿಲ್ಲದೆ ಮಾಡಿದ್ದು ತಾನೆ?"

"ಸುಮ್ನಿರೇ. ಹೇಳೋದೆಲ್ಲ ಯಾಕೆ, ಕೋರಿಕೆ ವಾಪಸ್ ತಗೊಂಡ್ರೆ ಮುಗೀತು."

ಮುಗಿಯಲಿಲ್ಲ. ಪ್ರೂಫಪ್ಪ 'ನನ್ನ ಕೋರಿಕೆಯನ್ನು ಹಿಂಪಡೆಯುತ್ತೇನೆ' ಎಂದು ಬರೆದ. ಅರೆಗಳಿಗೆಯಲ್ಲಿ 'ಜರಡಿ' ಅನ್ನುವವರಿಂದ ಉತ್ತರ ಬಂತು. ಈ ಜರಡಿ ಯಾರೋ ಯಾವ ಊರೋ, ಅಳಿಸುವುದರಲ್ಲಿ ಕತ್ತರಿಯ ಏಕಲವ್ಯ ಶಿಷ್ಯ. 'ಮಾನ್ಯ ಕತ್ತರಿಯವರೇ, ತಮ್ಮ ಕೋರಿಕೆಯನ್ನು ನಾನೂ ಇನ್ನೊಬ್ಬರೂ ಬೆಂಬಲಿಸಿಯಾಗಿದೆ. ಒಬ್ಬರು ಬೆಂಬಲಿಸಿದ ಮೇಲೆ ಕೋರಿದವರು ಹಿಂಪಡೆದರೂ ಚರ್ಚೆ ನಿಲ್ಲುವುದಿಲ್ಲ. ಕಳೆದ ವರ್ಷ ಬೇರೊಂದು ಚರ್ಚೆಯಲ್ಲಿ ತಾವೇ ಬರೆದಿದ್ದೀರಿ: ಪಶ್ಚಾತ್ತಾಪ ಆಧಾರವಲ್ಲ, ಅಚ್ಚಾದ ಮೂಲವೇ ಆಧಾರ. ಪತ್ರಿಕೆಯಲ್ಲಿ ಇವರ ಬಗ್ಗೆ ಏನಾದರೂ ಬಂದಿದ್ದರೆ ತನ್ನಿ.'

ತಾನು ಹೊಲಿದ ಅಂಗಿಯೊಳಗೆ ತಾನೇ ಸಿಕ್ಕಿಹಾಕಿಕೊಂಡಂತಾಯಿತು ಪ್ರೂಫಪ್ಪನಿಗೆ. ಪತ್ರಿಕೆ ತಾನೆ? ತಾನು ಕೆಲಸ ಮಾಡುವುದೇ ಪತ್ರಿಕೆಯಲ್ಲಿ. ಚಪ್ಪಲಿ ಮೆಟ್ಟಿ ಓಡಿದ.

ಸಂಜೆ ಪತ್ರಿಕೆ ಮಧ್ಯಾಹ್ನಕ್ಕೇ ಅಚ್ಚಿಗೆ ಹೋಗಬೇಕು. ಹಾಗಾಗಿ ಬೆಳಗ್ಗೆ ಕಚೇರಿಯಲ್ಲಿ ಯಾರಿಗೂ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ವರದಿಗಾರ್ತಿ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಎರಡು ಕೈಯಲ್ಲಿ ಟೈಪು ಮಾಡುತ್ತಿದ್ದಳು. ಪ್ರೂಫಪ್ಪ ಎದುರು ಕೂತು ವಿಷಯ ಹೇಳಿದ.

"ಮೇಷ್ಟ್ರು ಪಾಠ ಹೇಳಿದ್ರು. ಹುಡುಗರು ಕಲಿತರು." ಅವಳು ಫೋನು ಕೆಳಗಿಟ್ಟಳು. "ಇದರಲ್ಲಿ ಸುದ್ದಿ ಎಲ್ಲಿದೆ ಪ್ರೂಫಪ್ಪನವರೇ? ಪ್ರಶಸ್ತಿ ಬಂದಿದೆಯಾ?"

"ಇಲ್ಲ ಮೇಡಂ."

"ಯಾರಿಗಾದ್ರೂ ಹೊಡೆದು ಕೇಸ್ ಆಗಿತ್ತಾ?"

"ಛೆ ಛೆ! ಯಾರಿಗೂ ಬೆರಳು ಸೋಕಿಸ್ದೋರಲ್ಲ."

"ಹೋಗಲಿ, ತೀರಿಕೊಂಡಿದಾರಾ?"

"ಅಯ್ಯೋ, ಬಿಡ್ತು ಅನ್ನಿ ಮೇಡಂ!"

"ಮತ್ತೆ ನಾನೇನು ಬರೀಲಿ? ಆರೋಗ್ಯವಾಗಿದಾರೆ ಅಂತ ಬರೀಲಾ?"

ತಾನು ಬರೆದಿದ್ದ ಆ ಘನವಾದ ಮಾತು ಈಗ ಬೇರೆಯವರ ಬಾಯಲ್ಲಿ ಕೇಳಿ ಪ್ರೂಫಪ್ಪನಿಗೆ ಸಂಕಟವಾಯಿತು. ಇನ್ನು ತಡೆಯಲಾಗಲಿಲ್ಲ, ಇದ್ದದ್ದನ್ನೆಲ್ಲ ಕಕ್ಕಿಬಿಟ್ಟ. "ನಾನೇ ಮೇಡಂ ಆ ಕತ್ತರಿ. ನನಗೆ ಭಾಗಾಕಾರ ಕಲಿಸಿದೋರ ಪುಟಾನ ನಾನೇ ಅಳಿಸಿ ಅಂತ ಕೇಳಿದೀನಿ. ಅವರ ಹೆಸರು ನನಗೆ ಗೊತ್ತೇ ಇರಲಿಲ್ಲ. ಹೇಗಾದ್ರೂ ಮಾಡಿ ಅವರ ಬಗ್ಗೆ ನಾಲ್ಕು ಸಾಲು ಹಾಕಿ, ಕೈ ಮುಗೀತೀನಿ."

ವರದಿಗಾರ್ತಿಯ ಕಣ್ಣು ಹೊಳೆಯಿತು. ಅದನ್ನು ಪ್ರೂಫಪ್ಪ ಕರುಣೆ ಎಂದು ತಿಳಿದ. "ಆಯ್ತು ಬಿಡಿ, ಬರೀತೀನಿ" ಅಂದಳು ಅವಳು. "ಅವರ ಬಗ್ಗೆ ಇನ್ನೂ ಏನಾದ್ರೂ ಸಿಕ್ಕಿದ್ರೆ ಫೋನ್ ಮಾಡಿ ತಿಳಿಸಿ." ಪ್ರೂಫಪ್ಪ ಸಂಪಾದಕರ ಹತ್ತಿರ ಹೋಗಿ ಕೆನ್ನೆ ಒತ್ತಿಹಿಡಿದು ಹಲ್ಲುನೋವು ಎಂದ. ಪ್ರೂಫ್ ನೋಡುವ ಕೆಲಸವನ್ನು ಅವರಿವರ ತಲೆಗೆ ಕಟ್ಟಿ, ಬಸ್ಸು ಹಿಡಿದು ಮೇಷ್ಟ್ರ ಮನೆಗೆ ಹೊರಟ.

ಅಷ್ಟು ವರ್ಷಗಳಲ್ಲಿ ಒಂದು ಸಲವೂ ಆ ಕಡೆ ಹೋಗಿರಲಿಲ್ಲ. ದೂರವೇನಲ್ಲ, ಹೋಗಲಿಲ್ಲ ಅಷ್ಟೇ. ದಾರಿಯಲ್ಲಿ ಶಾಲೆಯಿದ್ದ ಜಾಗ ಕಂಡಿತು. ಶಾಲೆಯನ್ನು ಒಡೆದು ನೆಲಸಮ ಮಾಡಿ ಅಲ್ಲಿ ಕಾರು ನಿಲ್ಲಿಸುವ ಬಯಲು ಮಾಡಿದ್ದರು.

ಜಗುಲಿ ಮಾತ್ರ ಹಾಗೇ ಇತ್ತು, ಗೋಡೆಯ ಕಪ್ಪು ಹಲಗೆ ಸಮೇತ. ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಮೊದಲೇ ತೆಳ್ಳಗಿದ್ದವರು ಈಗ ಕೆತ್ತಿ ಕೆತ್ತಿ ಮುಗಿಯುತ್ತ ಬಂದ ಪೆನ್ಸಿಲಿನಂತಾಗಿದ್ದರು. ತೊಡೆಯ ಮೇಲೆ ಒಂದು ಟ್ಯಾಬು.

"ಯಾರಪ್ಪಾ? ಕಣ್ಣು ಮಂಜು. ಬಣ್ಣ ಕಾಣುತ್ತೆ, ಅಕ್ಷರ ಕಾಣಲ್ಲ, ಮುಖ ಅಂತೂ ಇಲ್ಲವೇ ಇಲ್ಲ."

ಪ್ರೂಫಪ್ಪ ಹೆಸರು ಹೇಳಿದ.

"ಭಾಗಾಕಾರ!" ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. "ಶೇಷ ಬರೆಯೋದನ್ನ ಯಾವಾಗ್ಲೂ ಮರೀತಿದ್ದೆ ನೀನು. ಬಾ ಬಾ, ಕೂತ್ಕೋ. ಮಗಳು ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗಿದಾಳೆ, ಇಲ್ಲಾಂದ್ರೆ ಕಾಫಿ ಕೊಡ್ತಿದ್ಲು. ನೀನು ಸರಿಯಾದ ಹೊತ್ತಿಗೆ ಬಂದೆ ನೋಡು. ಅವಳು ನನ್ನ ಮೇಲೆ ಒಂದು ಪುಟ ಬರೆದಿದಾಳೆ, ಜಗತ್ತಿಗೆಲ್ಲ ಕಾಣೋ ಹಂಗೆ! ಮೊದಲು ಬರೀ ಬಿಳಿ ಇತ್ತು. ಈ ವಾರ ಮೇಲ್ಗಡೆ ಒಂದು ಹಳದಿ ಚೌಕ ಬಂದಿದೆ. ಏನೋ ವಿಶೇಷ ಮನ್ನಣೆ ಇರಬೇಕು. ಮಗಳನ್ನ ಕೇಳಿದ್ರೆ ಆಮೇಲೆ ಓದ್ತೀನಿ ಅಪ್ಪ ಅಂತ ಜಾರಿಕೊಳ್ತಾಳೆ, ಪಾಪ, ಕೆಲಸದ ಸುಸ್ತು. ನೀನು ಓದು, ಕೇಳೋಣ."

ಟ್ಯಾಬು ಪ್ರೂಫಪ್ಪನ ಕೈಗೆ ಬಂತು. ತಾನೇ ಬರೆದ ಎರಡು ಸಾಲು. ಜೀವಮಾನದಲ್ಲಿ ಒಂದು ಅಕ್ಷರವನ್ನೂ ಇದ್ದದ್ದಕ್ಕಿಂತ ಬೇರೆಯಾಗಿ ಓದಿದವನಲ್ಲ ಅವನು.

"ಈ ಪುಟದಲ್ಲಿರುವ ವ್ಯಕ್ತಿ..." ಎಂದು ಓದಿ ನಿಲ್ಲಿಸಿದ. "ಈ ಪುಟದಲ್ಲಿರುವ ವ್ಯಕ್ತಿಯನ್ನು ಅನೇಕರು ನೆನೆಯುತ್ತಿದ್ದಾರೆ. ಅವರ ಬಗ್ಗೆ... ವಾರವಿಡೀ ಚರ್ಚೆ ನಡೆಯುತ್ತಿದೆ."

"ಚರ್ಚೆ! ವಾರವಿಡೀ!" ಮೇಷ್ಟ್ರು ಮಗುವಿನಂತೆ ನಕ್ಕರು. "ನಿವೃತ್ತಿ ದಿವಸ ಐದು ನಿಮಿಷ ಮಾತಾಡೋಕೂ ಯಾರಿಗೂ ಬಿಡುವಿರಲಿಲ್ಲ ಕಣೋ, ಪರೀಕ್ಷೆ ನಡೀತಿತ್ತು. ಶಾಲೇನೂ ಹೋಯ್ತು. ನಾನಿದ್ದೆ ಅನ್ನೋಕೆ ಈಗ ಇದೊಂದು ಪುಟವೇ ಇರೋದು."

ಪ್ರೂಫಪ್ಪನಿಗೆ ಎದ್ದು ಓಡಿಬಿಡೋಣ ಅನ್ನಿಸಿತು. ಓಡಲಿಲ್ಲ. ಕೂತಲ್ಲಿಂದಲೇ ಕೇಳಿದ. "ಸಾರ್, ನಿಮ್ಮ ಬಗ್ಗೆ ಯಾವುದಾದ್ರೂ ಪತ್ರಿಕೇಲಿ ಏನಾದ್ರೂ ಬಂದಿತ್ತಾ? ಯಾವಾಗ್ಲಾದ್ರೂ ಸರಿ."

"ಓ, ಬಂದಿತ್ತಲ್ಲ! ಫೋಟೋನೇ ಬಂದಿತ್ತು. ಗೋಡೆ ಮೇಲೆ ನೋಡು."

ಪ್ರೂಫಪ್ಪ ಎದ್ದು ಹೋಗಿ ನೋಡಿದ. ಗೋಡೆಯ ಮೇಲೆ ಕಟ್ಟುಹಾಕಿದ ಹಳೆಯ ಪತ್ರಿಕೆಯ ತುಣುಕು. ಯಾರೋ ದೊಡ್ಡ ಮನುಷ್ಯರು ಒಬ್ಬ ಹುಡುಗನಿಗೆ ಬಹುಮಾನ ಕೊಡುತ್ತಿದ್ದಾರೆ. ಎಡಗಡೆ ಹೂವಿನ ಕುಂಡ, ಬಲಗಡೆ ಅಂಚಿನಲ್ಲಿ ಅರ್ಧ ಮೈಕು.

"ನೀವೆಲ್ಲಿದೀರಿ ಸಾರ್?"

"ಮೈಕ್ ಹಿಂದೆ ಒಂದು ಮೊಣಕೈ ಕಾಣುತ್ತಲ್ಲ, ಅದು ನಂದು. ಹುಡುಗನ್ನ ವೇದಿಕೆಗೆ ತಳ್ಳಿದ್ದು ನಾನೇ. ಹೆದರಿಕೊಂಡಿದ್ದ."

ಒಂದು ಮೊಣಕೈಯನ್ನು ಅಚ್ಚಾದ ಮೂಲ ಎಂದು ತೆಗೆದುಕೊಳ್ಳಬಹುದೇ ಎಂದು ಪ್ರೂಫಪ್ಪ ನಿಜವಾಗಿಯೂ ಯೋಚಿಸಿದ. ಜರಡಿಯವರು ಒಪ್ಪುವುದಿಲ್ಲ. ನಿನ್ನೆಯಾಗಿದ್ದರೆ ಕತ್ತರಿಯೂ ಒಪ್ಪುತ್ತಿರಲಿಲ್ಲ. ಆದರೂ ಅದರ ಫೋಟೋ ಹಿಡಿದುಕೊಂಡ. ಮನೆಯ ಹೊರಗೆ ಬಂದು ವರದಿಗಾರ್ತಿಗೆ ಫೋನು ಮಾಡಿ ಪೆನ್ಸಿಲಿನ ಕತೆ, ಜಗುಲಿಯ ಕತೆ, ಮೊಣಕೈಯ ಕತೆ ಎಲ್ಲ ಹೇಳಿದ. "ತುಂಬಾ ಚೆನ್ನಾಗಿದೆ, ಕೊನೇಲಿ ಸೇರಿಸ್ತೀನಿ" ಅಂದಳು ಅವಳು. ಹೊರಡುವಾಗ ಮೇಷ್ಟ್ರು ಅವನ ಕೈಯಲ್ಲಿ ಸೀಮೆಸುಣ್ಣ ಕೊಟ್ಟು ಹಲಗೆಯ ಮೇಲೆ ಫೋನ್ ನಂಬರು ಬರೆಸಿಕೊಂಡರು. ದೊಡ್ಡದಾಗಿ ಬರಿ, ಮಗಳು ನೋಡ್ತಾಳೆ ಅಂದರು.

ಹಗುರಾಗಿ ಬಸ್ಸು ಹತ್ತಿದ ಪ್ರೂಫಪ್ಪ ಫೋನು ತೆರೆದು ಚರ್ಚೆಯ ಪುಟ ನೋಡಿದ. ಟೈಲರಿನ ಸೈನ್ಯ ನುಗ್ಗಿಬಿಟ್ಟಿತ್ತು. 'ನಮ್ಮ ಮೇಷ್ಟ್ರು ಚಿನ್ನದಂಥವರು, ಉಳಿಸಿ.' 'ಮೇಲಿನವರು ಹೇಳಿದ್ದೇ ನಂದೂ.' 'ಅದಕ್ಕೂ ಮೇಲಿನವರು ಹೇಳಿದ್ದು ನಂದು.' 'ಕತ್ತರಿಗೆ ಧಿಕ್ಕಾರ.' 'ನಾನು ಇವರ ಹತ್ತಿರ ಓದಿಲ್ಲ, ಪ್ಯಾಂಟು ಇಸ್ಕೊಂಡು ಹೋಗೋಕೆ ಬಂದಿದ್ದೆ, ಆದ್ರೂ ಉಳಿಸಿ.' ಎಲ್ಲರೂ ಆಗಷ್ಟೇ ಖಾತೆ ತೆರೆದವರು. ಎಲ್ಲರೂ ಒಂದೇ ವೈಫೈನವರು.

ಅದೇ ವೈಫೈನಿಂದ ಬೆಳಗ್ಗೆ ಕತ್ತರಿಯೂ ಬರೆದಿದ್ದ.

ಕೆಳಗೆ ವಿಶ್ವಕೋಶದ ನಿರ್ವಾಹಕರು ದಪ್ಪಕ್ಷರದಲ್ಲಿ ಹೀಗೆ ಹಾಕಿದ್ದರು: 'ಈ ಎಲ್ಲ ಖಾತೆಗಳೂ ಒಂದೇ ಸಂಪರ್ಕದಿಂದ ಬಂದಿವೆ. ಕತ್ತರಿಯವರು ಕೋರಿಕೆ ಹಿಂಪಡೆಯಲು ಯತ್ನಿಸಿ, ಆಗದಿದ್ದಾಗ ಹುಸಿ ಹೆಸರುಗಳಲ್ಲಿ ತಾವೇ ಮತ ಹಾಕಿಕೊಂಡಿರುವುದು ಸ್ಪಷ್ಟ. ಇಂಥ ಹಿರಿಯ ಸದಸ್ಯರು ಹೀಗೆ ಮಾಡಿದ್ದು ಖೇದಕರ. ಎಲ್ಲ ಖಾತೆಗಳನ್ನೂ ಮುಚ್ಚಲಾಗಿದೆ.' ಪ್ರೂಫಪ್ಪ 'ನಾನಲ್ಲ, ಅದು ನಮ್ಮ ಟೈಲರು' ಎಂದು ಬರೆಯಲು ಹೋದ. ಬರೆಯುವ ಜಾಗವೇ ತೆರೆಯಲಿಲ್ಲ.

ಇರಲಿ, ಪತ್ರಿಕೆ ಇದೆಯಲ್ಲ. ತಾನು ಹೋದರೆ ಹೋಗಲಿ, ಮೇಷ್ಟ್ರು ಉಳಿದರೆ ಸಾಕು. ಹೀಗೆ ಅಂದುಕೊಂಡಾಗ ಅವನಿಗೆ ತನ್ನ ಬಗ್ಗೆಯೇ ಸ್ವಲ್ಪ ಗೌರವ ಮೂಡಿತು. ಅದು ಕಚೇರಿಯ ಬಾಗಿಲ ತನಕ ಇತ್ತು.

ಒಳಗೆ ಕಾಲಿಟ್ಟಾಗ ಎಲ್ಲರೂ ತಲೆಯೆತ್ತಿದರು. ಯಾರೋ ಕಿಸಕ್ಕೆಂದರು. ಮೇಜಿನ ಮೇಲೆ ಬಿಸಿ ಬಿಸಿ ಪತ್ರಿಕೆ. ಮೊದಲ ಪುಟ, ಅಂಗೈಯಷ್ಟು ದೊಡ್ಡ ತಲೆಬರಹ: 'ಗುರುವನ್ನೇ ಅಳಿಸಹೊರಟ ಶಿಷ್ಯ!' ಅದರ ಕೆಳಗೆ ಪ್ರೂಫಪ್ಪನ ಪೂರ್ಣ ಹೆಸರು, ಕಚೇರಿಯ ಗುರುತಿನ ಚೀಟಿಯ ಫೋಟೋ. ಫೋಟೋದಲ್ಲಿ ಕಣ್ಣು ಅರ್ಧ ಮುಚ್ಚಿತ್ತು, ಗುರುದ್ರೋಹಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೊದಲಿಂದ ಕೊನೆತನಕ ಕತ್ತರಿಯ ಕತೆ. ಮೇಷ್ಟ್ರಿಗೆ ಸಿಕ್ಕಿದ್ದು ಎರಡೇ ಪದ: 'ನಿವೃತ್ತ ಶಿಕ್ಷಕರೊಬ್ಬರು'.

"ಮೇಡಂ, ಇದೇನು ಮಾಡಿದ್ರಿ! ಮೇಷ್ಟ್ರೆಲ್ಲಿ?"

"ಪೂರ್ತಿ ಬರೆದಿದ್ದೆ ರೀ, ನನ್ನಾಣೆ." ವರದಿಗಾರ್ತಿಗೂ ಬೇಜಾರಾದಂತಿತ್ತು. "ಕೊನೇ ಗಳಿಗೇಲಿ ಹಾಸಿಗೆ ಅಂಗಡಿ ಜಾಹೀರಾತು ಬಂತು. ಸಂಪಾದಕರು ಕೆಳಗಿಂದ ಕತ್ತರಿಸಿದ್ರು. ಮೇಷ್ಟ್ರು ಕೆಳಗಿದ್ರು."

"ಹೆಸರಾದ್ರೂ ಉಳಿಸಬಾರದಿತ್ತಾ?"

"ಹೆಸರು ಬಿಟ್ಟುಹೋಗಿದೆ ಅಂತ ಪ್ರೂಫ್‌ನಲ್ಲೇ ಹಿಡೀಬೇಕಿತ್ತು. ಪ್ರೂಫ್ ನೋಡೋರು ಎಲ್ಲಿಗೆ ಹೋಗಿದ್ರು?"

ಪ್ರೂಫಪ್ಪನಿಗೆ ಈಗ ನಿಜವಾಗಿಯೂ ಹಲ್ಲು ನೋಯತೊಡಗಿತು.

ಸಂಜೆ ತೀರ್ಪು ಬಂತು. 'ಈ ವ್ಯಕ್ತಿಯ ಕುರಿತು ಅಚ್ಚಾದ ಮೂಲ ಯಾವುದೂ ಇಲ್ಲ. ಇಂದಿನ ಪತ್ರಿಕಾ ವರದಿ ಅವರ ಶಿಷ್ಯನ ಬಗ್ಗೆಯೇ ಹೊರತು ಅವರ ಬಗ್ಗೆ ಅಲ್ಲ. ಪುಟ ಅಳಿಸಲಾಗಿದೆ.' ಮೇಷ್ಟ್ರ ಹೆಸರು ಒತ್ತಿದರೆ ಖಾಲಿ ಹಾಳೆ ಬರುತ್ತಿತ್ತು. ಹಳದಿ ಚೌಕವೂ ಇರಲಿಲ್ಲ.

ಮನೆಯ ಮೆಟ್ಟಿಲ ಬುಡದಲ್ಲಿ ಟೈಲರು ಪತ್ರಿಕೆ ಹರವಿಕೊಂಡು ಕೂತಿದ್ದ. ಪ್ರೂಫಪ್ಪ ಬೈಗುಳಕ್ಕೆ ಸಿದ್ಧನಾಗಿ ನಿಂತ. ಬೈದಿದ್ದರೆ ಚೆನ್ನಾಗಿತ್ತು. ಟೈಲರು ತಲೆ ಕೂಡ ಎತ್ತಲಿಲ್ಲ.

"ಅಕ್ಕನ ರವಿಕೆ ಆಗಿದೆ, ತಗೊಂಡು ಹೋಗಿ. ಇನ್ನು ಬೇರೆ ಕಡೆ ಹೊಲಿಸಿಕೊಳ್ಳಿ. ನಿಮ್ಮ ವೈಫೈನೂ ನಮಗೆ ಬೇಡ."

ಮೇಲೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಫೋನು. "ರೀ, ಇಲ್ನೋಡಿ, ನಿಮ್ಮ ಮೇಲೆ ಪುಟ ಬಂದಿದೆ."

"ಎಲ್ಲಿ?"

"ಅಲ್ಲೇ. ವಿಶ್ವಕೋಶದಲ್ಲಿ."

ಪ್ರೂಫಪ್ಪ ಕಣ್ಣುಜ್ಜಿಕೊಂಡು ನೋಡಿದ. ಅವನದೇ ಹೆಸರು, ಅವನದೇ ಅರೆಗಣ್ಣಿನ ಫೋಟೋ. 'ಪ್ರೂಫ್ ಓದುಗರು. ತಮ್ಮ ಗುರುವಿನ ಪುಟವನ್ನು ಅಳಿಸಲು ಕೋರಿದ್ದಕ್ಕಾಗಿ ಹೆಸರಾದವರು.' ಸಂಜೆ ಪತ್ರಿಕೆಯ ಸುದ್ದಿಯನ್ನು ಮೂರು ನಾಲ್ಕು ಸುದ್ದಿತಾಣಗಳು ಎತ್ತಿ ಹಾಕಿಕೊಂಡಿದ್ದವು. ಅವನ್ನೆಲ್ಲ ಮೂಲವಾಗಿ ಕೆಳಗೆ ಚೊಕ್ಕವಾಗಿ ಜೋಡಿಸಲಾಗಿತ್ತು. ಪುಟ ಆರಂಭಿಸಿದವರು: ಜರಡಿ. ಜೊತೆಗೆ ಒಂದು ಟಿಪ್ಪಣಿ: 'ಕತ್ತರಿಯವರ ಖಾತೆ ಮುಚ್ಚಿದ್ದು ನನಗೆ ವೈಯಕ್ತಿಕವಾಗಿ ನೋವಿನ ಸಂಗತಿ. ಆದರೆ ಅವರಿಂದಲೇ ಕಲಿತಂತೆ, ಸ್ವತಂತ್ರ ಮೂಲಗಳಿದ್ದ ಮೇಲೆ ವ್ಯಕ್ತಿ ಗಮನಾರ್ಹ. ಅಭಿನಂದನೆಗಳು.'

ಆ ಪುಟವನ್ನು ಅಳಿಸಿ ಎಂದು ಯಾರ ಮೂಲಕವಾದರೂ ಬರೆಸೋಣವೆಂದು ಅವನು ವರದಿಗಾರ್ತಿಗೆ ಫೋನು ಮಾಡಿ ಗೋಗರೆದ. ಅವಳು ಪಾಪ ತನ್ನ ಮನೆಯಿಂದಲೇ ಬರೆದಳು. ಜರಡಿಯ ಉತ್ತರ ತಕ್ಷಣ ಬಂತು: 'ಪುಟದ ವ್ಯಕ್ತಿ ನಾಚಿಕೆಪಡುತ್ತಾರೆಂದು ಪುಟ ಅಳಿಸಲಾಗದು. ಇದೂ ಕತ್ತರಿಯವರದೇ ಮಾತು.'

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೇಷ್ಟ್ರ ಮಗಳು. ಪರಿಚಯವೂ ಹೇಳಲಿಲ್ಲ, ಸ್ವರ ತಣ್ಣಗಿತ್ತು. "ಅಪ್ಪ ನಿಮ್ಮನ್ನ ಕರೀತಿದಾರೆ. ಈಗಲೇ ಬರಬೇಕಂತೆ."

ಪ್ರೂಫಪ್ಪ ಹೋದ. ಜಗುಲಿಯ ದೀಪದ ಕೆಳಗೆ ಮೇಷ್ಟ್ರು ಅದೇ ಕುರ್ಚಿಯಲ್ಲಿ, ಅದೇ ಟ್ಯಾಬು ಹಿಡಿದು ಕೂತಿದ್ದರು. ಪಕ್ಕದಲ್ಲಿ ಮಡಚಿದ ಸಂಜೆ ಪತ್ರಿಕೆ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ಕೈ ಕಟ್ಟಿ ನಿಂತಿದ್ದಳು. ಕೂತುಕೊಳ್ಳಿ ಅನ್ನಲಿಲ್ಲ.

"ಬಂದೆಯಾ? ನಿನ್ನ ಮೇಲೆ ಪುಟ ಬಂದಿದೆಯಂತಲ್ಲೋ!" ಮೇಷ್ಟ್ರ ಮುಖದಲ್ಲಿ ಸಿಟ್ಟಿನ ಗುರುತೂ ಇರಲಿಲ್ಲ. "ನನ್ನ ಹುಡುಗರಲ್ಲಿ ಯಾರ ಮೇಲೂ ಬಂದಿರಲಿಲ್ಲ. ಮಗಳು ಪೂರ್ತಿ ಓದಿ ಹೇಳಿದ್ಲು. ಪತ್ರಿಕೇನೂ ಓದಿದ್ಲು."

"ಸಾರ್, ನನ್ನದು ತಪ್ಪಾಯ್ತು ಸಾರ್. ನಿಮ್ಮ ಹೆಸರು ನನಗೆ..."

"ಗೊತ್ತು, ಗೊತ್ತು. ನಾನೇನು ನಿಮಗೆ ಹೆಸರು ಹೇಳಿದ್ನಾ? ಪೆನ್ಸಿಲ್ ಅಂತೀರಿ ಅಂತ ಮೊದಲ ವರ್ಷವೇ ಗೊತ್ತಿತ್ತು ನನಗೆ." ಅವರು ಟ್ಯಾಬನ್ನು ಕಣ್ಣಿನ ಹತ್ತಿರ ತಂದುಕೊಂಡರು. "ಒಂದು ಅರ್ಥ ಆಗಲಿಲ್ಲ. ನಿನ್ನ ಪುಟದಲ್ಲಿ ನನ್ನ ಹೆಸರೂ ಇದೆಯಂತೆ. ಉಳಿದಿದ್ದೆಲ್ಲ ಕಪ್ಪು, ನೀಲಿ ಕಾಣುತ್ತೆ. ನನ್ನ ಹೆಸರೊಂದು ಕೆಂಪಗೆ ಕಾಣುತ್ತೆ. ಯಾಕೋ?"

ಇದಕ್ಕೂ ಬೇರೆ ಏನಾದರೂ ಓದಿ 'ವಿಶೇಷ ಮನ್ನಣೆ ಸಾರ್' ಅಂದುಬಿಡಬಹುದಿತ್ತು. ಮಗಳು ನೋಡುತ್ತಿದ್ದಳು.

"ಪುಟ ಇಲ್ಲದೋರ ಹೆಸರು ಅಲ್ಲಿ ಕೆಂಪಾಗಿ ಬರುತ್ತೆ ಸಾರ್."

ಮೇಷ್ಟ್ರು ಟ್ಯಾಬನ್ನು ಪಕ್ಕಕ್ಕಿಟ್ಟರು. "ನಾನು ಯಾವ ಹುಡುಗನ ಹೆಸರಿಗೂ ಕೆಂಪು ಮುಟ್ಟಿಸಿದೋನಲ್ಲ" ಅಂದರು ಮೆಲ್ಲಗೆ.

ಪ್ರೂಫಪ್ಪನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಇಂಥವರ ಬಗ್ಗೆ ಅಚ್ಚಾದ ಮೂಲ ಕೇಳಿದೆನಲ್ಲ, ಆ ಮೂಲ ನಾನೇ ಆಗಿದ್ದೆನಲ್ಲ, ಅವರು ಎಳೆದು ಅಳಿಸಿದ ಒಂದೊಂದು ಗೆರೆಯೂ ಆಗಿತ್ತಲ್ಲ ಅಂತ ಕಣ್ಣು ತುಂಬಿಕೊಂಡಿತು.

ಮೇಷ್ಟ್ರು ಪತ್ರಿಕೆಯನ್ನು ತೊಡೆಯ ಮೇಲೆ ಬಿಡಿಸಿ ಹರವಿದರು. ಜೇಬು ತಡಕಿ ಒಂದು ಗಿಡ್ಡ ಪೆನ್ಸಿಲ್ ತೆಗೆದರು. ಬೆರಳಿನಿಂದ ಸವರಿ ಫೋಟೋದ ಕಪ್ಪು ಎಲ್ಲಿದೆ ಎಂದು ಅಂದಾಜು ಮಾಡಿ, ಅದರ ಪಕ್ಕದ ಖಾಲಿ ಜಾಗದಲ್ಲಿ ತೆಳ್ಳಗೆ ಒಂದು ಅಡ್ಡಗೆರೆ ಎಳೆದರು. ಪತ್ರಿಕೆಯನ್ನು ಮಡಚಿ ಅವನ ಕೈಗೆ ಕೊಟ್ಟರು.

"ತಿದ್ದಿಕೊಂಡು ಬಾ, ಅಳಿಸ್ತೀನಿ."

ತಿದ್ದುವ ಖಾತೆಯನ್ನೇ ಮುಚ್ಚಿದ್ದಾರೆ ಎಂದು ಮೇಷ್ಟ್ರಿಗೆ ಹೇಳಲು ಪ್ರೂಫಪ್ಪನಿಗೆ ಬಾಯಿ ಬರಲಿಲ್ಲ. "ಆಯ್ತು ಸಾರ್" ಅಂದು, ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ. ಹಿಂದೆ ಮೇಷ್ಟ್ರು ಮಗಳಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಆ ರಬ್ಬರ್ ಎಲ್ಲಿಟ್ಟಿದೀಯೋ ಹುಡುಕಿಡಮ್ಮ. ಅವನು ನಾಳೆ ಬರ್ತಾನೆ."